ಒಂದನೆಯ ಸ್ಕ್ವಾಡ್ರನ್ನೂ ಕೊಡಗಿನ ದೇವಯ್ಯನವರೂ

ಕೊಡಗಿನ ವೀರರನ್ನು ನೆನೆಯುವಾಗ ನಮ್ಮ ಮನಸ್ಸು ಸಹಜವಾಗಿಯೇ ಕಾರ್ಯಪ್ಪ, ತಿಮ್ಮಯ್ಯನವರ ಕಡೆಗೆ, ಎಂದರೆ ಭೂಸೇನೆಯ ಕಡೆಗೆ ಹರಿಯುತ್ತದೆ. ಹುದಿಕೇರಿ, ಪೊನ್ನಂಪೇಟೆಗಳ ಸುತ್ತಲಿನ ಐನ್‌ಮನೆಗಳಲ್ಲಿ ಸಮವಸ್ತ್ರ ತೊಟ್ಟ ಹಿರಿಯರ ಭಾವಚಿತ್ರ ಕಾಣುವುದು ಅಪರೂಪವೇನಲ್ಲ. ಆದರೆ ಇದೇ ನಾಡಿನ ಒಬ್ಬರ ಸಾಹಸ ನಡೆದುದು ಆಕಾಶದಲ್ಲಿ. ಅದು ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಚರಿತ್ರೆಗೆ ಸೇರಿದ್ದು. ಆ ಚರಿತ್ರೆಯಲ್ಲಿ ಶೌರ್ಯದಷ್ಟೇ ಇಂಧನದ ಲೆಕ್ಕವೂ ಮುಖ್ಯವಾದುದು.

ಈ ದಳ ಹುಟ್ಟಿದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡಿನಲ್ಲಿ, ನಾಲ್ಕೇ ವಾಪಿಟಿ ವಿಮಾನಗಳೊಡನೆ. ವಾಯುಪಡೆಯ ಮೊದಲ ದಳವೂ ಇದೇ. 1942ರಲ್ಲಿ ಬರ್ಮಾದಲ್ಲಿ, ಬೇಹುಗಾರಿಕೆಗೆಂದು ನಿರ್ಮಿಸಿದ್ದ ಲೈಸಾಂಡರ್ ವಿಮಾನಗಳಿಗೇ ಬಾಂಬು ಕಟ್ಟಿ ಇದರ ಚಾಲಕರು ಜಪಾನೀಯರ ನೆಲೆಗಳ ಮೇಲೆರಗಿದರು. 1944ರಲ್ಲಿ ಅರ್ಜನ್ ಸಿಂಗರ ನಾಯಕತ್ವದಲ್ಲಿ ಇಂಫಾಲದ ರಕ್ಷಣೆಗೆ ನಿಂತರು. ದೇಶವಿಭಜನೆಯಿಂದ ಮರೆಯಾದ ಈ ದಳದ ಹೆಸರು 1953ರಲ್ಲಿ ಮತ್ತೆ ಜೀವ ತಳೆಯಿತು. 1957ರಲ್ಲಿ ಫ್ರಾನ್ಸಿನ ಮಿಸ್ಟೇರ್ ವಿಮಾನಗಳು ಬಂದವು.

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ. ವಿಂಗ್ ಕಮ್ಯಾಂಡರ್ ತನೇಜಾ ಅವರ ಮುಂದಾಳುತನದಲ್ಲಿ ಪಂಜಾಬಿನ ಆದಂಪುರದಿಂದ ಮಿಸ್ಟೇರ್‌ಗಳು ಸರ್ಗೋಧಾ ನೆಲೆಯತ್ತ ಹೊರಟವು. ದೂರ ಸುಮಾರು 300 ಕಿಲೋಮೀಟರು. ರೇಡಾರಿನ ಕಣ್ಣು ತಪ್ಪಿಸಲು ನೆಲಕ್ಕೆ ಸಮೀಪವಾಗಿ ಹಾರಬೇಕು. ಹಾಗೆ ಹಾರಿದರೆ ಇಂಧನ ಬೇಗ ತೀರುತ್ತದೆ. ಗುರಿ ಮುಟ್ಟಿ ನೇರವಾಗಿ ಮರಳಿದರೆ ಸರಿ, ನಡುವೆ ಕಾಳಗಕ್ಕೆ ನಿಂತರೆ ಮನೆ ಸೇರುವ ಭರವಸೆಯಿಲ್ಲ.

ಹೆಚ್ಚುವರಿಯಾಗಿ ಸಿದ್ಧರಾಗಿದ್ದವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಡಾಕ್ಟರ್ ಬೋಪಯ್ಯನವರ ಮಗ, ವಯಸ್ಸು ಮೂವತ್ತೆರಡು. ಒಂದು ವಿಮಾನ ಹಿಂದುಳಿಯಲು ಇವರು ಅದರ ಸ್ಥಾನ ತುಂಬಿದರು. ದಾರಿಯಲ್ಲಿ ಎದುರಾದುದು ಅಮ್ಜದ್ ಹುಸೇನರ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಪೆಟ್ಟು ಮೊದಲು ತಗಲಿದ್ದು ದೇವಯ್ಯನವರಿಗೆ. ಅವರು ಓಡಲಿಲ್ಲ, ಗಾಯಗೊಂಡ ಮಿಸ್ಟೇರನ್ನೇ ತಿರುಗಿಸಿ ವೈರಿಯ ವಿಮಾನವನ್ನು ಹೊಡೆದುರುಳಿಸಿದರು. ಹುಸೇನರು ಧುಮುಕುಕೊಡೆಯಿಂದ ಇಳಿದು ಬದುಕಿದರು, ದೇವಯ್ಯನವರು ಹಿಂದಿರುಗಲಿಲ್ಲ.

ಈ ಕಾಳಗವನ್ನು ಕಂಡ ಸಂಗಾತಿಗಳಿರಲಿಲ್ಲ. ನಮ್ಮ ಕಡತದಲ್ಲಿ ಅವರು ಕಾಣೆಯಾದವರು, ಅಷ್ಟೆ. 1979ರಲ್ಲಿ ಆಂಗ್ಲ ಲೇಖಕ ಜಾನ್ ಫ್ರಿಕರರ ಪಾಕಿಸ್ತಾನೀ ವಾಯುಯುದ್ಧದ ಗ್ರಂಥ ಪ್ರಕಟವಾದ ಮೇಲೆ ನಿಜಸಂಗತಿ ಹೊರಬಿತ್ತು; 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂದಿತು. ಕೊಡಗಿನ ವೀರನಿಗೆ ಸಾಕ್ಷಿ ದೊರೆತದ್ದು ಎದುರಾಳಿಯ ಪಾಳೆಯದಿಂದ!

ಅದೇ ದಳ 1986ರಿಂದ ಗ್ವಾಲಿಯರಿನಲ್ಲಿ ಮಿರಾಜ್ ವಿಮಾನಗಳನ್ನು ಹಾರಿಸುತ್ತಿದೆ. ಆಗ್ರಾದ 78ನೆಯ ಸ್ಕ್ವಾಡ್ರನ್ನು 2003ರಲ್ಲಿ ಇಲ್ಯೂಷಿನ್ ತೈಲವಾಹಕಗಳನ್ನು ತಂದಮೇಲೆ ಆಕಾಶದಲ್ಲಿಯೇ ಇಂಧನ ತುಂಬಿಸುವುದು ಸಾಧ್ಯವಾಯಿತು. ತೈಲವಾಹಕ ಉದ್ದನೆಯ ಕೊಳವೆಯನ್ನು ಹಿಂದಕ್ಕೆ ಇಳಿಬಿಡುತ್ತದೆ. ಹಿಂಬಾಲಿಸುವ ಚಾಲಕ ತನ್ನ ವಿಮಾನದ ಮೂತಿಯ ಬಳಿಯ ನಳಿಕೆಯನ್ನು ಅದರ ತುದಿಯ ಬುಟ್ಟಿಗೆ ಕೂಡಿಸುತ್ತಾನೆ. ಗಾಳಿಯಲ್ಲಿ ಓಲಾಡುವ ಆ ಬುಟ್ಟಿಗೆ ಗುರಿಯಿಡುವುದು ಸುಲಭದ ಕೆಲಸವಲ್ಲ.

ಹಿಂದಿರುಗುವ ಲೆಕ್ಕ ಹೀಗೆ ಹಗುರವಾಗಿದೆ. 1965ರ ಚಾಲಕನಿಗೆ ಅಂಥ ಅನುಕೂಲವಿರಲಿಲ್ಲ. ಹೊರಟಾಗ ತುಂಬಿದ್ದೇ ಕೊನೆಯ ಹನಿ. ಅದನ್ನರಿತೂ ದೇವಯ್ಯನವರು ವಿಮಾನವನ್ನು ತಿರುಗಿಸಿದರೆಂಬುದನ್ನು ನಾವು ನೆನಪಿನಲ್ಲಿಡಬೇಕು.