ಬಿಗಿತಂತಿ ಕಂಬ

ಸ್ವಂತ ಬಲದಿಂದ ನೆಟ್ಟಗೆ ನಿಲ್ಲಲಾರದ ಸಪೂರ ಕಂಬವನ್ನು ಸುತ್ತಲಿನಿಂದ ತಂತಿ ಬಿಗಿದು ನಿಲ್ಲಿಸುವ ರಚನೆ. ಶಿವಮೊಗ್ಗದ ವಿದ್ಯಾನಗರದಂಥ ಬಡಾವಣೆಗಳಲ್ಲಿ ವಿದ್ಯುತ್ ಸಾಲು ತಿರುಗುವೆಡೆ ಕಂಬದ ತಲೆಯಿಂದ ಓರೆಯಾಗಿ ನೆಲಕ್ಕಿಳಿಯುವ ತಂತಿ ಇದರ ಚಿಕ್ಕ ರೂಪ. ಲೈನ್‌ಮನ್‌ಗಳ ಬಾಯಲ್ಲಿ ಅದು ‘ಸ್ಟೇ’. ನಡುವೆ ಪೋಣಿಸಿದ ಪಿಂಗಾಣಿಯ ‘ಮೊಟ್ಟೆ’ ವಿದ್ಯುತ್ತು ಕೆಳಗಿಳಿಯದಂತೆ ತಡೆಯುತ್ತದೆ.

ಹಾಯಿಹಡಗು ನಡೆಸುವವರಿಗೆ ಈ ಉಪಾಯ ಹಳೆಯದು. ಲೆಕ್ಕ ಸಿಕ್ಕಿದ್ದು 1744ರಲ್ಲಿ, ಗಣಿತಜ್ಞ ಲಿಯೊನಾರ್ಡ್ ಆಯ್ಲರ್‌ನಿಂದ. ಸಪೂರ ಕಂಬ ಜಜ್ಜಿಹೋಗುವ ಮೊದಲೇ ಬಾಗಿ ಸೋಲುತ್ತದೆ. ಉದ್ದ ಇಮ್ಮಡಿಯಾದರೆ ಹೊರುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ, ಕಂಬದ ನಡುವನ್ನು ಅಲುಗದಂತೆ ಹಿಡಿದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಈ ರಚನೆಯನ್ನು ಮುಗಿಲೆತ್ತರಕ್ಕೆ ಒಯ್ದದ್ದು ರೇಡಿಯೊ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ 675 ಕಿಲೋಹರ್ಟ್ಸ್. ತರಂಗದ ಉದ್ದ ಸುಮಾರು 444 ಮೀಟರ್. ಇಂಥ ಪ್ರಸಾರದಲ್ಲಿ ಸಾಮಾನ್ಯವಾಗಿ ಉಕ್ಕಿನ ಕಂಬವೇ ಆಂಟೆನಾ. ಕಾಲು ತರಂಗದಷ್ಟು ಎತ್ತರ ಬೇಕೆಂದರೂ 111 ಮೀಟರ್ ಆಯಿತು. ಅಷ್ಟೆತ್ತರಕ್ಕೆ ಸ್ವತಂತ್ರ ಗೋಪುರ ಕಟ್ಟುವುದಕ್ಕಿಂತ ತಂತಿ ಬಿಗಿದ ಕಂಬಕ್ಕೆ ಉಕ್ಕು ಕಡಿಮೆ ಸಾಕು. ಪಸರಿಸಿದ ತಂತಿಗಳಿಗೆ ಜಾಗ ಮಾತ್ರ ಹೆಚ್ಚು ಬೇಕು.

ಆದರೆ ಆಸರೆಯ ತಂತಿಯೂ ಒಂದು ಹೊರೆಯೇ.

ಬಿಗಿದಷ್ಟೂ ಅದು ಕಂಬವನ್ನು ಕೆಳಕ್ಕೆ ಒತ್ತುತ್ತದೆ; ಸಡಿಲಬಿಟ್ಟರೆ ಗಾಳಿಗೆ ಕಂಬ ಬಾಗುತ್ತದೆ. ಅಡ್ಡತೋಳಿನ ಮೇಲೆ ತಂತಿ ಹಾಯಿಸಿದ ಕಂಬಗಳಲ್ಲಿ ಮೊದಲ ಬಿಗಿತಕ್ಕೆ ಒಂದು ಹದವಿದೆ ಎಂಬುದನ್ನು 1979ರಲ್ಲಿ ಸಂಶೋಧಕರಾದ ಹಫೀಜ್, ಟೆಂಪಲ್ ಮತ್ತು ಎಲಿಸ್ ಲೆಕ್ಕಹಾಕಿ ತೋರಿಸಿದರು. ಹದ ತಪ್ಪಿದರೆ, ಹೆಚ್ಚಾಗಲಿ ಕಡಿಮೆಯಾಗಲಿ, ಬಲ ಕುಂದುತ್ತದೆ.

ಕಂಬ ಗಟ್ಟಿಯಿದ್ದರೂ ತಂತಿಯ ಸಮತೋಲ ಕೆಟ್ಟರೆ ಕುಸಿತ ಖಚಿತ. ಪೋಲೆಂಡಿನ ಕಾನ್‌ಸ್ಟಾಂಟಿನೂಫ್‌ನಲ್ಲಿ 1974ರಲ್ಲಿ ನಿಂತ 646 ಮೀಟರಿನ ರೇಡಿಯೊ ಕಂಬ ಆಗ ಜಗತ್ತಿನಲ್ಲೇ ಅತಿ ಎತ್ತರದ್ದು. 1991ರ ಆಗಸ್ಟ್ 8ರಂದು ಹಳೆಯ ತಂತಿ ಬದಲಿಸುತ್ತಿದ್ದಾಗ ಅದು ಮುರಿದುಬಿತ್ತು. ಇದೇ ಅಪಾಯ ತೇರುಗಳಿಗೂ ಉಂಟು: ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮ ಜಾತ್ರೆಯ ನೂರಡಿ ಮೀರಿದ ತೇರುಗಳು ಸಾಗುವಾಗ ಭಕ್ತರ ಕೈಯಲ್ಲಿನ ಹಗ್ಗಗಳೇ ಸ್ಟೇ. 2024ರ ಏಪ್ರಿಲ್‌ನಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿಗೆ ಮತ್ತೆ ಉರುಳಿದಾಗ ಸಾವೂ ಸಂಭವಿಸಿತು.

ಕಾನ್‌ಸ್ಟಾಂಟಿನೂಫ್ ಕಂಬವನ್ನು ಮತ್ತೆ ಕಟ್ಟಲಿಲ್ಲ. ಅಮೆರಿಕದ ಉತ್ತರ ಡಕೋಟದಲ್ಲಿ 1963ರಲ್ಲಿ 628 ಮೀಟರ್ ಎತ್ತರಕ್ಕೆ ಎದ್ದ ಟಿವಿ ಕಂಬ ತಂತಿಗಳ ಆಸರೆಯಲ್ಲೇ ಇಂದಿಗೂ ನಿಂತಿದೆ.