ಚಾದರಘಾಟಿನ ಮಾಸ್ತರರು

ಕಾಲೇಜುಗಳ ಚರಿತ್ರೆ ಬರೆಯುವಾಗ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಸಲ್ಲುವುದು ಸಾಮಾನ್ಯವಾಗಿ ಒಂದೇ ಸಾಲು, ಅದೂ ಕಡೆಯ ಪುಟದಲ್ಲಿ. ಸ್ವಾತಂತ್ರ್ಯ ದಿನದಂದು ಹುಡುಗರನ್ನು ಸಾಲಾಗಿ ನಿಲ್ಲಿಸುವವರು, ಸೀಟಿ ಊದುವವರು ಎಂಬುದಕ್ಕಿಂತ ಹೆಚ್ಚಿನ ಭಾವನೆ ನಮ್ಮ ಪಂಡಿತವರ್ಗಕ್ಕೆ ಅವರ ವಿಷಯದಲ್ಲಿ ಇಲ್ಲ. ಕನ್ನಡ ಪಾಠ ಹೇಳಿ ಬದುಕುವ ನಾನು ನಮ್ಮವರನ್ನು ಕುರಿತು ಇಷ್ಟು ಹೇಳಬಹುದೆಂದು ತಿಳಿದಿದ್ದೇನೆ. ಹಾಗೆ ಸೀಟಿ ಹಿಡಿದ ಒಬ್ಬ ಉಪಾಧ್ಯಾಯರು ಈ ದೇಶದ ಕಾಲ್ಚೆಂಡಾಟಕ್ಕೆ ಏಷ್ಯನ್ ಕ್ರೀಡಾಕೂಟದ ಎರಡು ಚಿನ್ನದ ಪದಕಗಳನ್ನು ತಂದುಕೊಟ್ಟರು. ಅವರು ಸೈಯದ್ ಅಬ್ದುಲ್ ರಹೀಮ್.

ಯಾದಗಿರಿಯವನಿಗೆ ಹೈದರಾಬಾದಿನ ಉಸಾಬರಿ ಏಕೆ ಎಂದು ಓದುಗರು ಕೇಳಿಯಾರು. ಯಾದಗಿರಿ, ಶಹಾಪುರ, ಸುರಪುರ ಮೂರೂ 1956ರ ಅಕ್ಟೋಬರ್ ಕಡೆಯವರೆಗೆ ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ನಮ್ಮ ಹಿರಿಯರು ಉರ್ದುವಿನಲ್ಲಿ ಲೆಕ್ಕ, ಭೂಗೋಳ ಕಲಿಯುತ್ತಿದ್ದ ಕಾಲದಲ್ಲಿ, ಅದೇ ಉರ್ದುವಿನಲ್ಲಿ ಪಾಠ ನಡೆಯುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ರಹೀಮರು ಮಾಸ್ತರರಾದರು. 1909ರಲ್ಲಿ ಹುಟ್ಟಿದವರು; ತಾವೂ ಒಳ್ಳೆಯ ಆಟಗಾರರು. ಕಾಚಿಗುಡಾ ಮೊದಲಾದ ಕಡೆ ಪಾಠ ಹೇಳಿ, ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ದಾರುಲ್ ಉಲೂಮ್ ಮತ್ತು ಚಾದರಘಾಟ್ ಪ್ರೌಢಶಾಲೆಗಳ ಕ್ರೀಡೆಯ ಹೊಣೆ ಹೊತ್ತರು.

ಅವರ ಹೆಚ್ಚುಗಾರಿಕೆ ಇರುವುದು ಈ ಮಾಸ್ತರಿಕೆಯಲ್ಲೇ. ಬಲಗಾಲಿನವನು ಎಡಗಾಲಿನಿಂದಲೇ ಒದೆಯಬೇಕೆಂಬ ನಿಯಮವಿಟ್ಟು ಅವರು ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಇನ್ನೊಂದು ಬಗೆಯ ಪಂದ್ಯಾವಳಿಯಲ್ಲಿ ಚೆಂಡನ್ನು ತಾನೇ ಉರುಳಿಸಿಕೊಂಡು ಹೋಗುವಂತಿಲ್ಲ. ಬಂದೊಡನೆ ಜತೆಗಾರನಿಗೆ ಸಾಗಿಸಬೇಕು. ಇದು ಕಾಗುಣಿತ ತಿದ್ದಿಸುವ ಕೆಲಸವಲ್ಲದೆ ಮತ್ತೇನು? ನಮ್ಮ ಕಡೆಯ ಗರಡಿಮನೆಯ ವಸ್ತಾದನೂ ಹೊಸ ಹುಡುಗನಿಗೆ ಮೊದಲ ದಿನವೇ ಕುಸ್ತಿ ಬಿಡುವುದಿಲ್ಲ. ಹೀಗೆ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು.

1951ರಲ್ಲಿ ದಿಲ್ಲಿಯಲ್ಲಿ ಇರಾನನ್ನು 1-0ರಿಂದ ಸೋಲಿಸಿದ್ದು ಅವರ ಮೊದಲ ಚಿನ್ನ. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ, ಹಲವರು ಬರಿಗಾಲಿನಲ್ಲೇ ಆಡಿದ ನಮ್ಮ ತಂಡ ಯುಗೋಸ್ಲಾವಿಯಕ್ಕೆ 10-1ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಅಂಥ ಸೋಲಿನ ಬಳಿಕ ಬೇರೆಯವರಾಗಿದ್ದರೆ ಮೂಲೆ ಸೇರುತ್ತಿದ್ದರೋ ಏನೋ. ಬೂಟು ಹಾಕಿ ಆಡುವುದು ಆಮೇಲೆ ಕಡ್ಡಾಯವಾಯಿತು; ರಹೀಮರು ಚಿಕ್ಕ ಚಿಕ್ಕ ಸಾಗಣೆಗಳ, ಚುರುಕು ಓಟದ ಆಟವನ್ನು ಕಟ್ಟುತ್ತ ಹೋದರು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ನಮ್ಮ ತಾಲ್ಲೂಕುಗಳು ಮೈಸೂರನ್ನು ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ತಂಡದಲ್ಲಿ ಅಜೀಜುದ್ದೀನ್, ನೂರ್ ಮಹಮ್ಮದ್, ಬಲರಾಮ್‌ರಂಥ ಹೈದರಾಬಾದಿನ ಹುಡುಗರಿದ್ದರು. ನಕ್ಷೆಯಿಂದ ಅಳಿದುಹೋಗಿದ್ದ ರಾಜ್ಯವೊಂದು ಮೈದಾನದಲ್ಲಿ ಇನ್ನೂ ಆಡುತ್ತಿತ್ತು! ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ನಮ್ಮ ಕಾಲ್ಚೆಂಡು ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಮೇಲೇರಿದ್ದಿಲ್ಲ.

1962ರ ಜಕಾರ್ತಾಕ್ಕೆ ಹೊರಟಾಗ ರಹೀಮರಿಗೆ ಕ್ಯಾನ್ಸರ್. ಇಸ್ರೇಲ್, ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದಕ್ಕೆ ಭಾರತದ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಅಲ್ಲಿನ ಜನ ನಮ್ಮವರ ಮೇಲೆ ಕೆರಳಿದ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ ಸೋಲು. ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಕ್ಷಣೆಯ ಆ ಆಟಗಾರನನ್ನೇ ರಹೀಮರು ಮುಂದಕ್ಕೆ ತಂದು ಆಡಿಸಿದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯ ಎದುರಾಯಿತು. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2-1ರಿಂದ ಗೆಲುವು. ಮೈದಾನದ ಕೂಗಾಟದ ನಡುವೆ ನಮ್ಮವರ ಪರವಾಗಿ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು.

1963ರ ಜೂನ್ 11ರಂದು ರಹೀಮರು ತೀರಿಕೊಂಡರು. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದು 1985ರಲ್ಲಿ. 2024ರಲ್ಲಿ ಅವರನ್ನು ಕುರಿತು ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದಿತು. ಅದರಲ್ಲಿ ಜಕಾರ್ತಾದ ಗದ್ದಲವೇನೋ ಚೆನ್ನಾಗಿದೆ. ನನಗೆ ಬೇಕಾಗಿದ್ದುದು ಚಾದರಘಾಟಿನ ಶಾಲೆಯಲ್ಲಿ ಎಡಗಾಲಿನಿಂದ ಒದೆಯಲು ಹೆಣಗುತ್ತಿದ್ದ ಹುಡುಗರು.