ಗುಂಡೋ, ಸಿಡಿಗುಂಡೋ, ರಾಕೆಟ್ಟೋ? ಹಳೆಯ ಫಿರಂಗಿ ಸಾಮಗ್ರಿಗಳನ್ನು ಗುರುತಿಸುವ ಬಗೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ನಗರ ಎಂಬ ಊರು ಕೆಳದಿ ಅರಸರ ಹಳೆಯ ಬಿದನೂರು. 1763ರಲ್ಲಿ ಅದನ್ನು ಗೆದ್ದ ಹೈದರಾಲಿ ತನ್ನ ಹೆಸರನ್ನೇ ಅದಕ್ಕಿಟ್ಟನು. ಅಲ್ಲಿನ ಪಾಳುಬಾವಿಯೊಂದರ ಹೂಳೆತ್ತುವಾಗ 2002ರಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. ಅವು ಟಿಪ್ಪು ಸುಲ್ತಾನನ ಕಾಲದ ರಾಕೆಟ್‌ಗಳೆಂದು ಖಚಿತವಾಗಲು ಕೆಲವು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ತ್ವ ಇಲಾಖೆಯ ಉತ್ಖನನದಲ್ಲಿ ಮತ್ತೆ ಸಾವಿರಕ್ಕೂ ಹೆಚ್ಚು ಸಿಕ್ಕವು. ರಜೆಯಲ್ಲಿ ಊರ ಕಡೆ ಹೋದಾಗ ಮಕ್ಕಳಿಗೆ ಕೋಟೆಗಳನ್ನು ತೋರಿಸುವ ನಾವು ಇಂಥವನ್ನೆಲ್ಲ ‘ಫಿರಂಗಿ ಗುಂಡು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅವುಗಳೊಳಗಿನ ಭೇದವನ್ನು ಅರಿಯುವುದು ಅಷ್ಟೇನೂ ಕಷ್ಟವಲ್ಲ.

ಮೊದಲು ದುಂಡನೆಯವು. ಇವುಗಳಲ್ಲಿ ಘನಗುಂಡು, ಸಿಡಿಗುಂಡು ಎಂದು ಎರಡು ಜಾತಿ. ಘನಗುಂಡು ಬರಿಯ ಎರಕದ ಕಬ್ಬಿಣ, ಅದರಲ್ಲಿ ರಂಧ್ರವಿರುವುದಿಲ್ಲ. ಸಿಡಿಗುಂಡು ಟೊಳ್ಳು, ಒಳಗೆ ಮದ್ದು, ಮೇಲೆ ಬತ್ತಿಯನ್ನು ಕೂರಿಸುವ ರಂಧ್ರ. ಹನ್ನೆರಡು ಪೌಂಡಿನ ಫಿರಂಗಿಯ ಘನಗುಂಡಿನ ಅಡ್ಡಳತೆ ಸುಮಾರು 11 ಸೆಂ.ಮೀ., ತೂಕ ಸುಮಾರು 5.4 ಕಿಲೋ. ಅದೇ ಗಾತ್ರದ ಸಿಡಿಗುಂಡಿನ ಗೋಡೆಯ ದಪ್ಪ ಅಡ್ಡಳತೆಯ ಆರನೆಯ ಒಂದು ಭಾಗವಿದ್ದರೆ ಬರಿಯ ಕಬ್ಬಿಣದ ತೂಕ 3.8 ಕಿಲೋ ಮಾತ್ರ. ಹಾಗೆಂದು ತಕ್ಕಡಿಯನ್ನೇ ನಂಬುವಂತಿಲ್ಲ. ಹೆನ್ರಿ ಶ್ರಾಪ್ನೆಲ್ ರೂಪಿಸಿದ, ಬ್ರಿಟಿಷ್ ಸೇನೆ 1803ರಲ್ಲಿ ಅಂಗೀಕರಿಸಿದ ಸಿಡಿಗುಂಡಿನ ಗೋಡೆ ಇನ್ನೂ ತೆಳುವಾದರೂ ಒಳಗೆ ಬಂದೂಕಿನ ಸಣ್ಣ ಗುಂಡುಗಳು ತುಂಬಿರುವುದರಿಂದ ತೂಕ ಘನಗುಂಡಿನ ಸಮೀಪಕ್ಕೇ ಬರುತ್ತದೆ. ರಂಧ್ರವೂ ತುಕ್ಕಿನಿಂದ ಮುಚ್ಚಿಹೋಗಿರಬಹುದು.

ಇನ್ನು ಉದ್ದನೆಯವು. ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ಮೂತಿ ಚೂಪಾದ ಉದ್ದನೆಯ ಶೆಲ್ ಬಳಕೆಗೆ ಬಂದದ್ದು ಫಿರಂಗಿಯ ನಳಿಕೆಯೊಳಗೆ ಸುರುಳಿಗೆರೆಗಳನ್ನು ಕೊರೆಯತೊಡಗಿದ ಮೇಲೆ, ಅಂದರೆ 19ನೆಯ ಶತಮಾನದ ನಡುವಿನಲ್ಲಿ. ಆ ಗೆರೆಗಳನ್ನು ಕಚ್ಚಿ ತಿರುಗಲು ಶೆಲ್ಲಿನ ಮೈಮೇಲೆ ಮೆತುಲೋಹ ಬೇಕು. 1859ರ ಆರ್ಮ್‌ಸ್ಟ್ರಾಂಗ್ ಫಿರಂಗಿಯ ಶೆಲ್ಲಿಗೆ ಸೀಸದ ಲೇಪ. ಅನಂತರದ ಬ್ರಿಟಿಷ್ ಶೆಲ್‌ಗಳಲ್ಲಿ ಸಾಲಾಗಿ ಕೂರಿಸಿದ ಲೋಹದ ಗುಬುಟುಗಳು. ಆಮೇಲಿನವುಗಳಲ್ಲಿ ಬುಡದ ಬಳಿ ತಾಮ್ರದ ಪಟ್ಟಿ. ಅಮೆರಿಕದ ಅಂತರ್ಯುದ್ಧದ (1861–65) ಹಾಚ್ಕಿಸ್ ಶೆಲ್ಲಿಗೆ ನಡುವಿನಲ್ಲಿ ಸೀಸದ ಪಟ್ಟಿ, ಪ್ಯಾರಟ್ ಶೆಲ್ಲಿಗೆ ಬುಡದಲ್ಲಿ ಬಳೆ. ಅಲ್ಲಿನ ಸಂಗ್ರಾಹಕರು ಇವುಗಳನ್ನು ಬೇರ್ಪಡಿಸುವುದು ಈ ಒಂದೇ ಗುರುತಿನಿಂದ ಎಂದರೂ ಸಲ್ಲುತ್ತದೆ. ಟಿಪ್ಪು ಮಡಿದದ್ದು 1799ರಲ್ಲಿ. ಆದುದರಿಂದ ತಾಮ್ರದ ಪಟ್ಟಿಯುಳ್ಳ ಶೆಲ್ಲನ್ನು ಯಾರಾದರೂ ‘ಟಿಪ್ಪುವಿನದು’ ಎಂದು ತೋರಿಸಿದರೆ ನಂಬಬೇಕಾಗಿಲ್ಲ.

ಹಾಗಾದರೆ ಮೈಸೂರಿನ ರಾಕೆಟ್ಟಿಗೆ ಗುರುತೇನು? ಅದು ಎರಕದ್ದಲ್ಲ, ಬಡಿದ ಮೆದು ಕಬ್ಬಿಣದ ತೆಳುಗೋಡೆಯ ಕೊಳವೆ. ಒಂದು ತುದಿ ಮುಚ್ಚಿದ್ದು, ಇನ್ನೊಂದು ತುದಿಯಲ್ಲಿ ಬೆಂಕಿ ಚಿಮ್ಮುವ ಕಿಂಡಿ. ಬ್ರಿಟನ್ನಿನ ವೂಲಿಚ್‌ನಲ್ಲಿದ್ದ ಸಂಗ್ರಹದ ಎರಡು ಮಾದರಿಗಳಲ್ಲಿ ಒಂದರ ಕೊಳವೆ 58 ಮಿ.ಮೀ. ಅಡ್ಡಳತೆ, 254 ಮಿ.ಮೀ. ಉದ್ದ, ಅದನ್ನು ಒಂದು ಮೀಟರಿನಷ್ಟು ಉದ್ದದ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಯಿಂದ ಬಿಗಿಯಲಾಗಿದೆ. ಮತ್ತೊಂದು 37 ಮಿ.ಮೀ., 198 ಮಿ.ಮೀ. ಉದ್ದ, ಬಿದಿರಿನ ಗಳುವಿಗೆ ಕಟ್ಟಿದ್ದು. ಎರಡರಲ್ಲೂ ಉದ್ದವು ಅಡ್ಡಳತೆಯ ನಾಲ್ಕು ಪಟ್ಟಿಗೂ ಹೆಚ್ಚು. 19ನೆಯ ಶತಮಾನದ ನಡುವಿನ ಉದ್ದನೆಯ ಶೆಲ್‌ಗಳಲ್ಲಿ ಅದು ಸಾಮಾನ್ಯವಾಗಿ ಎರಡು ಮೂರು ಪಟ್ಟು. ಮಣ್ಣಿನಲ್ಲಿ ಬಿದಿರು ಕರಗಿ ಕೊಳವೆ ಮಾತ್ರ ಉಳಿಯುವುದರಿಂದಲೇ ಗೊಂದಲ. ನಮ್ಮವರೇ ಆದ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧವನ್ನು ಆಸಕ್ತರು ಅವಶ್ಯ ಓದಬೇಕು.

ಒಂದು ಎಚ್ಚರಿಕೆ. ಈ ಪರೀಕ್ಷೆಗಳೆಲ್ಲ ವಸ್ತುಸಂಗ್ರಹಾಲಯದ ಗಾಜಿನ ಈಚೆಯಿಂದ ಮಾಡತಕ್ಕವು. ಹೊಲದಲ್ಲೋ ಬಾವಿಯಲ್ಲೋ ಸಿಕ್ಕಿದ್ದನ್ನು ಎತ್ತಿ ತೂಗಬಾರದು, ತುಕ್ಕು ಉಜ್ಜಬಾರದು. ಕಬ್ಬಿಣದೊಳಗೆ ಭದ್ರವಾಗಿ ಮುಚ್ಚಿದ ಮದ್ದು ನೂರೈವತ್ತು ವರ್ಷ ಕಳೆದರೂ ಸಿಡಿಯಬಲ್ಲದು. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ, ಇದರಲ್ಲಿ ಬಹುಕಾಲದ ಅನುಭವವಿದ್ದ ಸಂಗ್ರಾಹಕರೊಬ್ಬರು ಅಂತರ್ಯುದ್ಧದ ಕಾಲದ ಸಿಡಿಗುಂಡು ಸಿಡಿದು ತಮ್ಮ ಮನೆಯಲ್ಲೇ ಅಸುನೀಗಿದರು. ಊರಿನ ತೋಟದಲ್ಲಿ ಇಂಥದು ಕಂಡರೆ ಇದ್ದಲ್ಲೇ ಬಿಟ್ಟು ಮೊದಲು ಪೊಲೀಸರಿಗೆ ತಿಳಿಸಬೇಕು. ಪುರಾತತ್ತ್ವ ಇಲಾಖೆಯವರು ನೋಡುವುದು ಆಮೇಲೆ. ಕಣ್ಣಾರೆ ಕಾಣುವ ಆಸೆಯುಳ್ಳವರಿಗೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯವಿದೆ. ನಗರದ ಕೊಳವೆಗಳು ಸೇರಿದ್ದು ಅಲ್ಲಿಗೇ.